ಕಪ್ಪು ಮೈಗೆ ಬಿಳಿ ಬಳಿಯುವುದು ಇನ್ನಾದರೂ ನಿಲ್ಲಲಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಹತ್ತಿರವಾದಂತೆ ಕೊಡಗಿನ ಶಾಲೆ, ಕಾಲೇಜುಗಳಲ್ಲಿ ವಾರ್ಷಿಕೋತ್ಸವದ ನಾಟಕ, ನೃತ್ಯರೂಪಕಗಳ ತಾಲೀಮು ಶುರುವಾಗುತ್ತದೆ. ಕಾಫಿ ಕುಯ್ಲಿನ ದಿನಗಳೂ ಅವೇ. ಊರಿನವರೆಲ್ಲ ತೋಟದ ಕೆಲಸದಲ್ಲಿರುವಾಗ ಬಣ್ಣ, ಲೈಟಿನ ವಿಚಾರ ಕೊನೆಯ ದಿನದವರೆಗೂ ಯಾರ ತಲೆಗೂ ಬರುವುದಿಲ್ಲ. ಕಾರ್ಯಕ್ರಮದ ಸಂಜೆ ಬಾಡಿಗೆಗೆ ಬಂದ ಮೇಕಪ್‌ನವರು ಸಾಲಾಗಿ ನಿಂತ ಮಕ್ಕಳೆಲ್ಲರ ಮುಖಕ್ಕೂ ಒಂದೇ ಡಬ್ಬಿಯ ಗುಲಾಬಿ ಛಾಯೆಯ ಪ್ಯಾನ್‌ಕೇಕ್ ಬಣ್ಣ ಒರೆಸಿ ಕೈ ತೊಳೆದುಕೊಳ್ಳುತ್ತಾರೆ. ಬೆಳ್ಳಗಿರುವ ಮಕ್ಕಳಿಗೆ ಅದು ಹೇಗೋ ಹೊಂದಿಕೊಳ್ಳುತ್ತದೆ. ಎಣ್ಣೆಗಪ್ಪು ಮೈಬಣ್ಣದ ಹುಡುಗಿಯ ಮುಖ ಮಾತ್ರ ಬೂದಿ ಮೆತ್ತಿದಂತಾಗುತ್ತದೆ. ಕಿವಿ ಕಪ್ಪು, ಕುತ್ತಿಗೆ ಕಪ್ಪು, ನಡುವೆ ಮುಖ ಬೂದು. ಅವಳು ಪ್ರೇಕ್ಷಕರಿಗೆ ಕೈ ಮುಗಿದರೆ ಆ ಕೈ ಇನ್ನೊಬ್ಬರದೇನೋ ಎನಿಸುತ್ತದೆ. ಮುಂದಿನ ಸಾಲಿನಲ್ಲಿ ನಗು ಏಳುತ್ತದೆ. ಹಾಗೆ ನಗೆಗೀಡಾದ ಮಗು ಮುಂದಿನ ವರ್ಷ ನಾಟಕಕ್ಕೆ ಹೆಸರು ಕೊಡುವುದಿಲ್ಲ.

ಇದನ್ನು ಕೇಳಿದರೆ ಬರುವ ಉತ್ತರ ಒಂದೇ: ‘ಕಪ್ಪು ಮುಖ ಸ್ಟೇಜಿನ ಮೇಲೆ ಕಾಣೋದಿಲ್ಲ.’ ಬೆಳಕು ಮತ್ತು ಬಣ್ಣದ ಕೆಲಸವನ್ನೇ ಮಾಡುವ ನಾವು ಈ ಮಾತನ್ನು ಒಪ್ಪುವುದಿಲ್ಲ. ಅದು ಸುಳ್ಳು ಎಂಬುದಕ್ಕೆ ಅಮೆರಿಕದ ಕಪ್ಪು ನಟಿ ಸಿಸಿಲಿ ಟೈಸನ್ ಅವರ ಅರ್ಧ ಶತಮಾನಕ್ಕೂ ಮೀರಿದ ಕೆಲಸ ಸಾಕ್ಷಿ. ನಮ್ಮ ಶಾಲೆಗಳ ನಾಟಕದ ಮೇಷ್ಟ್ರುಗಳು ಆಕೆಯ ಬಗ್ಗೆ ತಿಳಿದಿರಬೇಕು ಎನ್ನುವ ಆಸೆ ನಮ್ಮದು.

ಟೈಸನ್ ಹುಟ್ಟಿದ್ದು 1924ರ ಡಿಸೆಂಬರ್ 19ರಂದು, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ತಂದೆ ತಾಯಿ ಕೆರಿಬಿಯನ್ನಿನ ನೆವಿಸ್ ದ್ವೀಪದಿಂದ ಬಂದವರು. ಟೈಪಿಸ್ಟ್ ಕೆಲಸದಿಂದ ಮಾಡೆಲಿಂಗಿಗೆ, ಅಲ್ಲಿಂದ ನಾಟಕಕ್ಕೆ ಬಂದರು. ಮಗಳು ನಟಿಯಾಗುವುದು ದೈವಭಕ್ತೆ ತಾಯಿಗೆ ಸ್ವಲ್ಪವೂ ಇಷ್ಟವಿರಲಿಲ್ಲ. 1961ರಲ್ಲಿ ನ್ಯೂಯಾರ್ಕಿನ ಸೇಂಟ್ ಮಾರ್ಕ್ಸ್ ಪ್ಲೇಹೌಸ್‌ನಲ್ಲಿ ಫ್ರೆಂಚ್ ನಾಟಕಕಾರ ಜ್ಯಾಂ ಜೆನೆಯ ‘ದಿ ಬ್ಲ್ಯಾಕ್ಸ್’ ನಾಟಕ ಶುರುವಾಗಿ ವರ್ಷಗಟ್ಟಲೆ ನಡೆಯಿತು. ಟೈಸನ್, ಜೇಮ್ಸ್ ಅರ್ಲ್ ಜೋನ್ಸ್, ಮಾಯಾ ಏಂಜೆಲೊ ಮೊದಲಾದವರು ಅದರಲ್ಲಿದ್ದರು. ಆ ನಾಟಕದಲ್ಲಿ ರಾಣಿ, ನ್ಯಾಯಾಧೀಶ, ಪಾದ್ರಿಯರ ಪಾತ್ರ ಮಾಡುವ ಕಪ್ಪು ನಟರು ಬಿಳಿ ಮುಖವಾಡ ತೊಟ್ಟು ಕೂರುತ್ತಾರೆ. ಆಳುವವರ ಮುಖ ಬಿಳಿ ಎಂಬ ರೂಢಿಯನ್ನೇ ನಾಟಕ ಹಾಗೆ ಪ್ರೇಕ್ಷಕರ ಎದುರಿಗೆ ಇಟ್ಟಿತ್ತು. ನಮ್ಮಲ್ಲಿ ಅದೇ ಬಿಳಿಯನ್ನು ಯಾವ ಯೋಚನೆಯೂ ಇಲ್ಲದೆ ಹತ್ತು ವರ್ಷದ ಮಗುವಿನ ಕೆನ್ನೆಗೆ ಬಳಿಯುತ್ತಿದ್ದೇವೆ.

1963ರಲ್ಲಿ ಸಿಬಿಎಸ್ ವಾಹಿನಿಯ ‘ಈಸ್ಟ್ ಸೈಡ್ ವೆಸ್ಟ್ ಸೈಡ್’ ಧಾರಾವಾಹಿಯಲ್ಲಿ ಟೈಸನ್ ಸಮಾಜಸೇವಾ ಕಚೇರಿಯ ಕಾರ್ಯದರ್ಶಿಯ ಪಾತ್ರ ಮಾಡಿದರು. ಅಮೆರಿಕದ ಟಿವಿಯಲ್ಲಿ ಅಲ್ಲಿಯವರೆಗೆ ಕಪ್ಪು ಹೆಣ್ಣೆಂದರೆ ಹೆಚ್ಚಾಗಿ ಅಡುಗೆಯವಳು, ಇಲ್ಲವೇ ಮನೆಗೆಲಸದವಳು. ಈ ಪಾತ್ರ ಕಚೇರಿಯ ಮೇಜಿನ ಹಿಂದೆ ಕುಳಿತಿತ್ತು. ಅದಕ್ಕಿಂತ ಹೆಚ್ಚು ಸುದ್ದಿಯಾದದ್ದು ಅವರ ಕೂದಲು. ಬಿಸಿ ಬಾಚಣಿಗೆಯಿಂದ ಎಳೆದು ನೇರ ಮಾಡದೆ, ವಿಗ್ ಹಾಕದೆ, ಹುಟ್ಟು ಗುಂಗುರನ್ನೇ ಗಿಡ್ಡವಾಗಿ ಕತ್ತರಿಸಿಕೊಂಡು ಕ್ಯಾಮೆರಾದ ಮುಂದೆ ನಿಂತರು. ಧಾರಾವಾಹಿ ಒಂದೇ ಸೀಸನ್ನಿಗೆ, 26 ಕಂತುಗಳಿಗೆ ನಿಂತುಹೋಯಿತು. ಆ ಕೇಶಶೈಲಿ ಮಾತ್ರ ದೇಶದ ಕಪ್ಪು ಹೆಣ್ಣುಮಕ್ಕಳಲ್ಲಿ ಹರಡಿತು.

1972ರ ‘ಸೌಂಡರ್’ ಚಿತ್ರದಲ್ಲಿ ಗೇಣಿ ರೈತನ ಹೆಂಡತಿಯಾಗಿ ಆಸ್ಕರ್ ನಾಮನಿರ್ದೇಶನ ಪಡೆದರು. ಕಪ್ಪು ಜನರ ಮಾನ ಕಳೆಯುವ ಪಾತ್ರಗಳನ್ನು ಮುಟ್ಟುವುದಿಲ್ಲವೆಂದು ಗಟ್ಟಿಯಾಗಿ ನಿಂತದ್ದರಿಂದ ಕೆಲಸವಿಲ್ಲದೆ ಕಳೆದ ದಿನಗಳೂ ಉಂಟು. 1974ರ ಜನವರಿ 31ರಂದು ಪ್ರಸಾರವಾದ ‘ದಿ ಆಟೊಬಯಾಗ್ರಫಿ ಆಫ್ ಮಿಸ್ ಜೇನ್ ಪಿಟ್‌ಮನ್’ ಟಿವಿ ಚಿತ್ರವನ್ನು ಬಣ್ಣದ ಕೆಲಸ ಕಲಿಯುವವರು ಹುಡುಕಿ ನೋಡಬೇಕು. ಗುಲಾಮಳಾಗಿ ಹುಟ್ಟಿ 1960ರ ದಶಕದ ನಾಗರಿಕ ಹಕ್ಕುಗಳ ಹೋರಾಟ ಕಾಣುವವರೆಗೆ ಬದುಕಿದ ಹೆಂಗಸಿನ ಕಥೆ. ಆಗ 49 ವರ್ಷದ ಟೈಸನ್ ಯೌವನದಿಂದ 110ರ ಮುಪ್ಪಿನವರೆಗೆ ನಟಿಸಿದರು. ಮೇಕಪ್ ಕಲಾವಿದರಾದ ಸ್ಟಾನ್ ವಿನ್‌ಸ್ಟನ್, ರಿಕ್ ಬೇಕರ್ ಇಬ್ಬರೂ ಸೇರಿ ಆ ಮುಪ್ಪಿನ ಮುಖ ಕಟ್ಟಿದರು. ಮುಖ ಸುಕ್ಕುಗಟ್ಟಿದೆ, ಆದರೆ ಚರ್ಮದ ಕಂದು ಎಲ್ಲಿಯೂ ಬೂದಾಗಿಲ್ಲ. ಸುಕ್ಕಿನ ತಗ್ಗು ಗಾಢ ಕಂದು, ಉಬ್ಬು ತಿಳಿ ಕಂದು. ನಮ್ಮಲ್ಲಿ ಅಜ್ಜಿ ಪಾತ್ರವೆಂದರೆ ಕಪ್ಪು ಪೆನ್ಸಿಲಿನಲ್ಲಿ ಹಣೆಗೆ ಮೂರು ಗೆರೆ ಎಳೆದು ಕೂದಲಿಗೆ ಪೌಡರ್ ಸುರಿಯುತ್ತೇವೆ. ಕಪ್ಪು ಮುಖದ ಮೇಲೆ ಕಪ್ಪು ಗೆರೆ ಮೂರನೆಯ ಸಾಲಿನವರಿಗೇ ಕಾಣುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಉಬ್ಬಿನ ತಿಳಿ ಬಣ್ಣ. ಆ ಚಿತ್ರಕ್ಕಾಗಿ ಟೈಸನ್‌ಗೆ ಟಿವಿ ಕ್ಷೇತ್ರದ ಎರಡು ಎಮ್ಮಿ ಪ್ರಶಸ್ತಿಗಳು ಬಂದವು.

ನಮ್ಮ ಮಾತಿಗೆ ತೀರಾ ಹತ್ತಿರದ್ದು 2013ರ ಸಂಗತಿ. ‘ದಿ ಟ್ರಿಪ್ ಟು ಬೌಂಟಿಫುಲ್’ ನಾಟಕದ ಮುದುಕಿ ಕ್ಯಾರಿ ವಾಟ್ಸ್ 1953ರಿಂದಲೂ ಹೆಚ್ಚಾಗಿ ಬಿಳಿಯ ನಟಿಯರೇ ಮಾಡುತ್ತಿದ್ದ ಪಾತ್ರ. 88ನೇ ವಯಸ್ಸಿನಲ್ಲಿ ಟೈಸನ್ ಅದನ್ನು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಮಾಡಿ ರಂಗಭೂಮಿಯ ಟೋನಿ ಪ್ರಶಸ್ತಿ ಗೆದ್ದರು. ಪಾತ್ರ ಹಾಡುವ ಭಕ್ತಿಗೀತೆಗೆ ಪ್ರೇಕ್ಷಕರೂ ಕೂತಲ್ಲಿಂದಲೇ ದನಿಗೂಡಿಸುತ್ತಿದ್ದರು. ಮುದುಕಿಯ ಮೈಬಣ್ಣ ಬದಲಾದದ್ದು ಅಲ್ಲಿ ಯಾರಿಗೂ ಅಡ್ಡ ಬರಲಿಲ್ಲ. 2021ರ ಜನವರಿ 28ರಂದು, 96ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಈ ದಾರಿ ಅವರೊಬ್ಬರದೇ ಅಲ್ಲ. 1939ರಲ್ಲೇ ಕಪ್ಪು ಗಾಯಕಿ, ನಟಿ ಎಥೆಲ್ ವಾಟರ್ಸ್ ಎನ್‌ಬಿಸಿಯ ಪ್ರಾಯೋಗಿಕ ಟಿವಿಯಲ್ಲಿ ತಮ್ಮದೇ ಹೆಸರಿನ ಕಾರ್ಯಕ್ರಮ ನಡೆಸಿದ್ದರು. 1968ರಲ್ಲಿ ಡಯಾನ್ ಕ್ಯಾರಲ್ ‘ಜೂಲಿಯಾ’ ಧಾರಾವಾಹಿಯಲ್ಲಿ ನರ್ಸ್ ಆಗಿ, ಒಂಟಿ ತಾಯಿಯಾಗಿ ಬಂದರು. ಹಾಗಿದ್ದೂ ನಾಟಕದ ಮುಖ್ಯ ನಟಿಯ ಟೋನಿ ಮೊದಲ ಬಾರಿಗೆ ಕಪ್ಪು ಹೆಣ್ಣಿಗೆ ಸಿಕ್ಕಿದ್ದು 2004ರಲ್ಲಿ, ಫಿಲಿಷಿಯಾ ರಶಾದ್‌ಗೆ. ಗಂಭೀರ ಕಥೆಯ (ಡ್ರಾಮಾ) ಟಿವಿ ಧಾರಾವಾಹಿಯ ಮುಖ್ಯ ನಟಿಯ ಎಮ್ಮಿ 2015ರಲ್ಲಿ, ವಯೋಲಾ ಡೇವಿಸ್‌ಗೆ.

ಇನ್ನು ಕೆಲಸದ ಮಾತು. ಮೊದಲು ಬೆಳಕು, ಏಕೆಂದರೆ ಬಣ್ಣದ ತಪ್ಪೆಂದು ನಾವು ಬೈಯುವುದರಲ್ಲಿ ಮುಕ್ಕಾಲು ಪಾಲು ಬೆಳಕಿನ ತಪ್ಪೇ ಆಗಿರುತ್ತದೆ.

ಶಾಲೆಗಳ ಸಭಾಂಗಣದಲ್ಲಿ ಈಗ ಇರುವುದು ಬಹುತೇಕ 6500 ಕೆಲ್ವಿನ್‌ನ ತಣ್ಣನೆಯ ಬಿಳಿ ಎಲ್‌ಇಡಿ ಫ್ಲಡ್‌ಲೈಟ್. ಅಗ್ಗದ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ, ಗಾಢ ಕೆಂಪು ಕಡಿಮೆ. ಕಂದು ಚರ್ಮದ ಕಳೆ ಇರುವುದೇ ಕೆಂಪು ಮತ್ತು ಹೊನ್ನಿನ ಛಾಯೆಗಳಲ್ಲಿ. ಅವೆರಡೂ ಹೋದರೆ ಉಳಿಯುವುದು ಬೂದಿ. ಲೈಟು ಕೊಳ್ಳುವಾಗ ಡಬ್ಬಿಯ ಮೇಲೆ 3000 ಕೆಲ್ವಿನ್ (ಬೆಚ್ಚನೆಯ ಹಳದಿ ಬೆಳಕು), ಸಿಆರ್‌ಐ (ಬಣ್ಣಗಳನ್ನು ನಿಜದಂತೆ ತೋರಿಸುವ ಗುಣದ ಅಂಕ) 90 ಅಥವಾ ಅದಕ್ಕಿಂತ ಹೆಚ್ಚು ಎಂದಿರುವುದನ್ನು ನೋಡಿ ಕೊಳ್ಳಿ. ಬಾಡಿಗೆಗೆ ತರುವುದಾದರೆ ಹಳೆಯ 500 ವ್ಯಾಟ್ ಹ್ಯಾಲೊಜೆನ್ ಇವತ್ತಿಗೂ ಕಂದು ಚರ್ಮಕ್ಕೆ ಒಳ್ಳೆಯದು. ಆರು ಹ್ಯಾಲೊಜೆನ್ ಎಂದರೆ 3000 ವ್ಯಾಟ್, 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್. ಅದನ್ನು ಗೋಡೆಯ ಸಣ್ಣ 6 ಆಂಪಿಯರ್ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಎಳೆಯಬೇಡಿ, ವೈರ್ ಕರಗುತ್ತದೆ. ದೊಡ್ಡ ಪ್ಲಗ್ಗಿನ ಎರಡು ಬೇರೆ ಲೈನಿಗೆ ಹಂಚಿ. ನಮ್ಮ ಕಡೆ ಸಂಜೆ ವೋಲ್ಟೇಜ್ ಬೀಳುವುದು ಹೊಸದಲ್ಲ. 230 ಇರಬೇಕಾದ್ದು 180ಕ್ಕೆ ಇಳಿದರೆ ಹ್ಯಾಲೊಜೆನ್ನಿನ ಬೆಳಕು ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಬಣ್ಣವೂ ಕಿತ್ತಳೆಗೆ ತಿರುಗುತ್ತದೆ. ಬೆಳಗಿನ ತಾಲೀಮಿನಲ್ಲಿ ಸರಿಯಾಗಿ ಕಂಡ ಮುಖ ರಾತ್ರಿ ಮಬ್ಬಾಗುವುದು ಇದರಿಂದ. ಲೈಟಿಗೆ ಜನರೇಟರ್ ಗೊತ್ತು ಮಾಡಿಕೊಂಡರೆ ಈ ತಾಪತ್ರಯ ಇಲ್ಲ.

ಕಾಣುವುದಿಲ್ಲವೆಂದು ಎದುರಿಗೆ ಇನ್ನೂ ಎರಡು ಫ್ಲಡ್ ತಂದು ನಿಲ್ಲಿಸುವುದು ಎಲ್ಲರೂ ಮಾಡುವ ಕೆಲಸ. ನೇರ ಎದುರಿನ ಬೆಳಕು ಮೂಗು, ಕೆನ್ನೆ, ಹುಬ್ಬಿನ ನೆರಳನ್ನೆಲ್ಲ ಅಳಿಸಿ ಮುಖವನ್ನು ಚಪ್ಪಟೆ ಮಾಡುತ್ತದೆ. ಹಿಂದಿನ ಬಿಳಿ ಪರದೆ ಇನ್ನಷ್ಟು ಹೊಳೆದು ಮುಖ ಮತ್ತೂ ಕಪ್ಪಾಗುತ್ತದೆ. ಕಪ್ಪು ಚರ್ಮದ ಆಕಾರ ಕಾಣುವುದು ಅದರ ಮೇಲಿನ ಮೆದು ಹೊಳಪಿನಿಂದ, ಆ ಹೊಳಪು ಬೀಳುವುದು ಓರೆ ಬೆಳಕಿನಲ್ಲಿ. ವೇದಿಕೆಯ ಅಂಚಿನಿಂದ 10–12 ಅಡಿ ಮುಂದೆ, ಎಡಕ್ಕೊಂದು ಬಲಕ್ಕೊಂದು ಸ್ಟ್ಯಾಂಡ್. ನಟರ ಮುಖಕ್ಕೆ ಬೆಳಕು ಪಕ್ಕದಿಂದ ಸುಮಾರು 45 ಡಿಗ್ರಿ, ಮೇಲಿನಿಂದಲೂ ಸುಮಾರು 45 ಡಿಗ್ರಿ ಓರೆಯಾಗಿ ಬೀಳಬೇಕು. ಲೈಟಿನ ಮುಂದೆ ಕಟ್ಟುವ ಬಣ್ಣದ ಹಾಳೆ ಒಂದು ಕಡೆಗೆ ತಿಳಿ ಅಂಬರ್ ಅಥವಾ ಸ್ಟ್ರಾ (ಹುಲ್ಲಿನ ಹಳದಿ), ಇನ್ನೊಂದು ಕಡೆಗೆ ತಿಳಿ ಲ್ಯಾವೆಂಡರ್. ಇದರ ಜೊತೆಗೆ ವೇದಿಕೆಯ ಎರಡೂ ಪಕ್ಕದ ಮರೆಗಳಿಂದ (ವಿಂಗ್) ತಲೆಯೆತ್ತರಕ್ಕೆ ಒಂದೊಂದು ಪಕ್ಕದ ಬೆಳಕು, ಹಿಂದೆ ಮೇಲಿನಿಂದ ಎರಡು. ಹಿಂದಿನ ಬೆಳಕು ಭುಜ ಮತ್ತು ಕೂದಲಿಗೆ ಅಂಚು ಕೊಟ್ಟು ನಟಿಯನ್ನು ಪರದೆಯಿಂದ ಬಿಡಿಸುತ್ತದೆ. ಲೈಟು ಕಡಿಮೆ ಬಿದ್ದರೆ ಎದುರಿನದನ್ನು ಬಿಡಿ, ಹಿಂದಿನದನ್ನು ಬಿಡಬೇಡಿ. ಹಸಿರು ಹಾಳೆಯನ್ನು ಮುಖದ ಮೇಲೆ ತರಲೇಬೇಡಿ, ಕಂದು ಚರ್ಮ ಕಾಯಿಲೆ ಬಿದ್ದಂತೆ ಕಾಣುತ್ತದೆ. ರಾತ್ರಿಯ ದೃಶ್ಯಕ್ಕೆ ನೀಲಿ ಬೇಕಾದರೆ ಅದು ಹಿಂದಿನಿಂದ ಬರಲಿ, ಎದುರಿಗೆ ಲ್ಯಾವೆಂಡರ್ ಇರಲಿ.

ಪರದೆ ಅಚ್ಚ ಬಿಳಿಯೂ ಬೇಡ, ಅಚ್ಚ ಕಪ್ಪೂ ಬೇಡ. ಮಾಸಲು ಮೆರೂನ್, ಮಣ್ಣಿನ ಬಣ್ಣ, ನಡುಮಟ್ಟದ ಬೂದು ಒಳ್ಳೆಯವು. ಉಡುಪಿಗೂ ಅದೇ ಲೆಕ್ಕ: ಮುಖದ ಪಕ್ಕದಲ್ಲೇ ಸುಣ್ಣದಂಥ ಬಿಳಿ ಬಟ್ಟೆ ಬಂದರೆ ಕಣ್ಣು ಬಟ್ಟೆಗೆ ಹೊಂದಿಕೊಂಡು ಮುಖ ಕಳೆದುಹೋಗುತ್ತದೆ. ಕೆನೆಬಣ್ಣ ಹಾಕಿದರೆ ದೂರದಿಂದ ಅದೇ ಬಿಳಿಯಾಗಿ ಕಾಣುತ್ತದೆ, ಮುಖವೂ ಉಳಿಯುತ್ತದೆ. ಈಚೆಗೆ ಬಂದಿರುವ ಎಲ್‌ಇಡಿ ಪರದೆಗಳನ್ನು ಪೂರ್ತಿ ಉರಿಸಿದರೆ ಯಾರ ಮುಖವೂ ಕಾಣುವುದಿಲ್ಲ. ಅದರ ಹೊಳಪನ್ನು ಕಾಲು ಭಾಗಕ್ಕೆ ಇಳಿಸಲು ಆಪರೇಟರಿಗೆ ಮೊದಲೇ ಹೇಳಿಡಿ.

ಈಗ ಬಣ್ಣ. ಮುಖ ಬೂದಾಗುವುದಕ್ಕೆ ಕಾರಣ ಸರಳ. ಬಿಳಿ ಪ್ಯಾನ್‌ಕೇಕ್, ಸಫೇದದಂಥವುಗಳಲ್ಲಿ ಇರುವುದು ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್‌ನಂಥ ಬಿಳಿ ಪುಡಿಗಳು. ಕಪ್ಪು ನೆಲದ ಮೇಲೆ ಅವನ್ನು ತೆಳುವಾಗಿ ಹರಡಿದರೆ ನೀಲಿ ಬೆಳಕು ಹೆಚ್ಚು ಚದುರಿ ಮೇಲ್ಮೈ ನೀಲಿಬೂದಾಗುತ್ತದೆ. ಅದನ್ನು ಮುಚ್ಚಲು ದಪ್ಪ ಹಚ್ಚಿದರೆ ನಗುವಾಗ ಬಾಯಂಚಿನಲ್ಲಿ ಬಿರುಕು ಬಿಡುತ್ತದೆ. ಯಕ್ಷಗಾನದ ಬಣ್ಣದ ವೇಷದಲ್ಲಿ ಅದೇ ಬಿಳಿ ಸೊಗಸಾಗುವುದು ಯಾಕೆಂದರೆ ಅಲ್ಲಿ ಅದು ಚರ್ಮವೆಂದು ನಟಿಸುವುದಿಲ್ಲ, ಚಿತ್ರವಾಗಿಯೇ ಕೂರುತ್ತದೆ.

ಮುಖಕ್ಕೆಲ್ಲ ಮೊದಲು ಹಚ್ಚುವ ಬೇಸ್ ಬಣ್ಣವನ್ನು ಕೆನ್ನೆಯ ಮೇಲೆ ನೋಡಿ ಆರಿಸಬೇಡಿ. ದವಡೆಯ ಅಂಚಿನಿಂದ ಕುತ್ತಿಗೆಗೆ ಎರಡು ಮೂರು ಛಾಯೆಯ ಗೆರೆ ಎಳೆದು, ವೇದಿಕೆಯ ಲೈಟು ಹಾಕಿ, 15 ಅಡಿ ದೂರ ನಿಂತು ನೋಡಿ. ಯಾವ ಗೆರೆ ಮಾಯವಾಯಿತೋ ಅದೇ ಬಣ್ಣ. ಗ್ರೀನ್‌ರೂಮಿನ ಟ್ಯೂಬ್‌ಲೈಟಿನಲ್ಲಿ ಆರಿಸಿದ್ದು ಸ್ಟೇಜಿನಲ್ಲಿ ಸುಳ್ಳಾಗುತ್ತದೆ. ಅಂಗಡಿಯಲ್ಲಿ ಗಾಢ ಛಾಯೆ ಸಿಗದಿದ್ದರೆ ಸಿಗುವ ಕಂದು ಪ್ಯಾನ್‌ಸ್ಟಿಕ್ಕಿಗೆ (ಕಡ್ಡಿ ರೂಪದ ಬೇಸ್) ಮೇಕಪ್ಪಿನದೇ ಇಟ್ಟಿಗೆಗೆಂಪನ್ನು ಚೂರುಚೂರಾಗಿ ಬೆರೆಸಿ. ಗಾಢವಾಗಲೆಂದು ಕಪ್ಪು ಬೆರೆಸಿದರೆ ಮತ್ತೆ ಬೂದಿಯೇ. ಇಷ್ಟೆಲ್ಲ ಆಗದಿದ್ದರೆ ಬೇಸ್ ಹಾಕದೇ ಬಿಡಿ. ಆರೋಗ್ಯವಾದ ಕಪ್ಪು ಚರ್ಮಕ್ಕೆ ಸರಿಯಾದ ಬೆಳಕಿದ್ದರೆ ಬೇಸ್ ಇಲ್ಲದೆಯೂ ನಡೆಯುತ್ತದೆ, ತಪ್ಪು ಬೇಸ್ ಇದ್ದರೆ ಮಾತ್ರ ನಡೆಯುವುದಿಲ್ಲ.

ಮುಖ ತೊಳೆದು ಒರೆಸಿ, ಎರಡು ಹನಿ ಎಣ್ಣೆಯನ್ನೋ ಮಾಯಿಶ್ಚರೈಸರನ್ನೋ ತೆಳುವಾಗಿ ಸವರಿ ಹತ್ತು ನಿಮಿಷ ಬಿಡಿ. ನಮ್ಮ ಜನವರಿಯ ಚಳಿಗಾಳಿಯಲ್ಲಿ ಒಣಗಿದ ಚರ್ಮಕ್ಕೆ ನೇರ ಪ್ಯಾನ್‌ಕೇಕ್ ಹಾಕಿದರೆ ಹೊಟ್ಟೇಳುತ್ತದೆ. ಕಣ್ಣಿನ ಕೆಳಗೆ, ಬಾಯಿಯ ಸುತ್ತ ಕಪ್ಪು ಹೆಚ್ಚಿದ್ದರೆ ಮೊದಲು ಕಿತ್ತಳೆ ಛಾಯೆಯ ಕರೆಕ್ಟರ್ ಒತ್ತಿ, ಮೇಲೆ ಬೇಸ್. ಕೆನ್ನೆಗೆ ಗುಲಾಬಿ ಬೇಡ, ಇಟ್ಟಿಗೆಗೆಂಪು ಇಲ್ಲವೇ ಗಾಢ ಮೆರೂನ್. ರೋಸ್ ಪೌಡರ್ ಕಪ್ಪು ಕೆನ್ನೆಯ ಮೇಲೆ ಸೀಮೆಸುಣ್ಣದಂತೆ ಕೂರುತ್ತದೆ. ಕಣ್ಣಿಗೆ ಬರೀ ಕಾಡಿಗೆ ತೀಡಿದರೆ ಕಣ್ಣು ಒಳಕ್ಕೆ ಹೋಗುತ್ತದೆ, ರೆಪ್ಪೆಯ ಮೇಲೆ ಹೊನ್ನುಗಂದು ಇಟ್ಟು ಆಮೇಲೆ ಕಾಡಿಗೆ ತೀಡಿ. ಮುಖಕ್ಕೆ ಹಚ್ಚಿದ್ದು ಕಿವಿ, ಕುತ್ತಿಗೆ, ಕೈಗೂ ಬರಬೇಕು. ಟಾಲ್ಕಂ ಪೌಡರ್ ಕೊನೆಗೆ ಎರಚಿದರೆ ಮಾಡಿದ ಕೆಲಸವೆಲ್ಲ ಹಾಳು. ಬಣ್ಣವಿಲ್ಲದ ಪೌಡರನ್ನು ಮೂಗು, ಹಣೆಗಷ್ಟೇ ಒತ್ತಿ, ಕೆನ್ನೆಯ ಮೇಲ್ಭಾಗದ ಹೊಳಪನ್ನು ಬಿಡಿ. ಬೆಳಕು ಹಿಡಿಯುವ ಜಾಗ ಅದೇ.

ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಶಾಲೆಯ ಹಳೆಯ ಪ್ಯಾನ್‌ಕೇಕ್ ಡಬ್ಬಿಗಳನ್ನು ಮೂಸಿ ನೋಡಿ. ಬೂಷ್ಟಿನ ವಾಸನೆ ಬಂದರೆ, ಚುಕ್ಕಿ ಕಂಡರೆ ಎಸೆಯಿರಿ. ಒಂದೇ ಸ್ಪಂಜು ನಲವತ್ತು ಮಕ್ಕಳ ಮುಖ ಸುತ್ತುವುದು ಚರ್ಮರೋಗಕ್ಕೆ ಕರೆ, ಮಗುವಿಗೊಂದು ತುಂಡು ಕತ್ತರಿಸಿ ಕೊಡಿ. ಹಿಂದಿನ ದಿನವೇ ಕಿವಿಯ ಹಿಂದೆ ಚೂರು ಹಚ್ಚಿ ತುರಿಕೆ ಬರುತ್ತದೆಯೇ ನೋಡಿ. ಬಣ್ಣ ತೆಗೆಯಲು ತೆಂಗಿನೆಣ್ಣೆ, ಹತ್ತಿ, ಆಮೇಲೆ ಸೋಪು ಸಾಕು.

ಪಾತ್ರ ಹಂಚುವಲ್ಲಿ ಆಗುವ ಅನ್ಯಾಯಕ್ಕೆ ಲೈಟಿನಲ್ಲಾಗಲಿ ಮೇಕಪ್ಪಿನಲ್ಲಾಗಲಿ ಪರಿಹಾರವಿಲ್ಲ. ಅಪ್ಪಚ್ಚ ಕವಿಗಳು ಶತಮಾನದ ಹಿಂದೆಯೇ ಕಾವೇರಿಯ ಕಥೆಯನ್ನು ಕೊಡವ ಭಾಷೆಯ ನಾಟಕವಾಗಿಸಿದ ನಾಡಿದು. ಇಂದು ನಮ್ಮ ಶಾಲೆಗಳಲ್ಲಿ ಕಾವೇರಿ ಎಂದರೆ ತರಗತಿಯ ಅತಿ ಬೆಳ್ಳಗಿನ ಹುಡುಗಿ, ಸೀತೆಯೂ ಅವಳೇ. ತೋಟದ ಕಾರ್ಮಿಕರ ಲೈನ್‌ಮನೆಯಿಂದ, ಬುಡಕಟ್ಟು ಜನರ ಹಾಡಿಯಿಂದ ಬರುವ ಹುಡುಗಿಗೆ ಶೂರ್ಪನಖಿ, ಮಂಥರೆ, ಇಲ್ಲವೇ ಗುಂಪಿನಲ್ಲಿ ಬುಟ್ಟಿ ಹೊರುವ ಕೂಲಿಯವಳು. ವ್ಯಾಸರ ದ್ರೌಪದಿ ಕಪ್ಪು ಮೈಯವಳು ಎಂಬುದನ್ನು ಓದಿದ ಮೇಷ್ಟ್ರುಗಳೇ ದ್ರೌಪದಿಗೆ ಬಿಳಿ ಮುಖ ಹುಡುಕುತ್ತಾರೆ. ಪಾತ್ರ ಆರಿಸುವಾಗ ಒಂದು ಕೆಲಸ ಮಾಡಿ ನೋಡಿ: ಮಕ್ಕಳು ಪರದೆಯ ಹಿಂದೆ ನಿಂತು ಮಾತು ಒಪ್ಪಿಸಲಿ, ಮೇಷ್ಟ್ರು ದನಿ ಕೇಳಿ ಅಂಕ ಬರೆಯಲಿ, ಆಮೇಲೆ ಪರದೆ ಸರಿಯಲಿ.

ಇದಕ್ಕಿಂತ ನೋವಿನದು ಇನ್ನೊಂದಿದೆ. ‘ಬುಡಕಟ್ಟು ನೃತ್ಯ’ ಎಂದು ಹೆಸರಿಟ್ಟು, ಮಕ್ಕಳ ಮೈಗೆಲ್ಲ ಮಸಿ ಬಳಿದು, ಸೊಪ್ಪು ಕಟ್ಟಿ, ‘ಹೂ ಹಾ’ ಎಂದು ಕುಣಿಸುವ ಕಾರ್ಯಕ್ರಮಗಳು ಈಗಲೂ ನಡೆಯುತ್ತವೆ. ಅಮೆರಿಕದಲ್ಲಿ 19ನೇ ಶತಮಾನದಲ್ಲಿ ಬಿಳಿಯ ನಟರು ಸುಟ್ಟ ಬೆಂಡಿನ ಮಸಿ ಬಳಿದುಕೊಂಡು ಕಪ್ಪು ಜನರನ್ನು ಗೇಲಿ ಮಾಡುತ್ತಿದ್ದ ಆಟಗಳೇ ಇವು. 1830ರ ಹೊತ್ತಿಗೆ ಥಾಮಸ್ ರೈಸ್ ಎಂಬಾತ ಹಾಗೆ ಕುಣಿದ ಪಾತ್ರದ ಹೆಸರು ಜಿಮ್ ಕ್ರೋ, ಮುಂದೆ ವರ್ಣಭೇದದ ಕಾನೂನುಗಳಿಗೆಲ್ಲ ಅದೇ ಹೆಸರು ಅಂಟಿತು. ಟೈಸನ್ ತಲೆಮಾರಿನ ನಟಿಯರು ಹೊತ್ತು ತಿರುಗಬೇಕಾಗಿದ್ದ ಭಾರ ಇದು. ನಮ್ಮಲ್ಲಿ ಯರವರ, ಜೇನುಕುರುಬರ, ಪಣಿಯರ ಮಕ್ಕಳು ಅದೇ ಸಭಾಂಗಣದಲ್ಲಿ ಕೂತು ಇದನ್ನು ನೋಡುತ್ತಿರುತ್ತಾರೆ. ಅವರ ಹಾಡು, ಕುಣಿತ ವೇದಿಕೆಗೆ ಬರಬೇಕೆಂದರೆ ಹಾಡಿಯ ಹಿರಿಯರನ್ನು ಕರೆದು, ಗೌರವಧನ ಕೊಟ್ಟು, ಅವರಿಂದಲೇ ಕಲಿಸಿ. ಉಡುಪು ಅವರು ಹೇಳಿದಂತಿರಲಿ. ಮಸಿಯನ್ನು ಯಾರ ಮೈಗೂ ಹಚ್ಚಬೇಡಿ. ಎಣ್ಣೆಯಲ್ಲಿ ಕಲಸಿದ ಮಸಿ ಬೆವರಿನ ಜೊತೆ ಕಣ್ಣಿಗಿಳಿದರೆ ಉರಿ ತಡೆಯಲಾಗದು ಎಂಬುದು ಬೇರೆ.

ಫೋಟೊ, ವಿಡಿಯೊ ತೆಗೆಯುವವರಿಗೂ ಒಂದು ಮಾತು. ಮೊಬೈಲಿನ ಕ್ಯಾಮೆರಾ ಚೌಕಟ್ಟಿನ ಒಟ್ಟು ಬೆಳಕಿನ ಸರಾಸರಿ ಹಿಡಿಯುತ್ತದೆ, ಹಾಗಾಗಿ ಹಿಂದೆ ಬಿಳಿ ಬ್ಯಾನರ್ ಇದ್ದರೆ ಮುಖ ಕಪ್ಪಾಗುತ್ತದೆ. ಪರದೆಯಲ್ಲಿ ಹುಡುಗಿಯ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ. ಬ್ಯೂಟಿ ಫಿಲ್ಟರ್ ಆಫ್ ಇರಲಿ. ವಿಡಿಯೊ ಎಲ್‌ಇಡಿಯ ಕೆಳಗೆ ಪಟಪಟ ಮಿಣುಕಿದರೆ ಶಟರ್ ವೇಗ ಸೆಕೆಂಡಿನ 50ನೇ ಒಂದು ಭಾಗಕ್ಕೆ ಇಡಿ.

ಕೊನೆಯ ಕೋರಿಕೆ ತಮ್ಮಲ್ಲಿಯೇ, ಸಂಪಾದಕರೇ. ಪತ್ರಿಕೆಯ ಕಾಗದದಲ್ಲಿ ಮಸಿ ಹರಡುವುದರಿಂದ ಕಪ್ಪು ಮುಖಗಳು ಅಚ್ಚಿನಲ್ಲಿ ಮುದ್ದೆಯಾಗುತ್ತವೆ. ಅದಕ್ಕೆ ಹೆದರಿ ಬಹುಮಾನ ಗೆದ್ದ ಮಕ್ಕಳ ಮುಖವನ್ನಷ್ಟೇ ಆರಿಸಿ ಬೆಳ್ಳಗೆ ಮಾಡುವುದು ಎಲ್ಲೆಡೆ ಕಾಣುತ್ತದೆ. ಇಡೀ ಚಿತ್ರದ ನಡುಛಾಯೆಗಳನ್ನು ಸ್ವಲ್ಪ ಎತ್ತಿದರೆ ಮುಖದ ವಿವರ ಉಳಿಯುತ್ತದೆ, ಬಣ್ಣವೂ ಬದಲಾಗುವುದಿಲ್ಲ. ಈ ವಾರ್ಷಿಕೋತ್ಸವಗಳ ಋತುವಿನಲ್ಲಿ ತಮ್ಮ ಕೊಡಗು ಪುಟಕ್ಕೆ ಬರುವ ಚಿತ್ರಗಳನ್ನು ಹಾಗೆಯೇ ಅಚ್ಚು ಮಾಡಬೇಕೆಂದು, ಚಿತ್ರ ಕಳಿಸುವವರಿಗೂ ಪಕ್ಕದ ಬೆಳಕಿನಲ್ಲಿ ತೆಗೆದದ್ದನ್ನೇ ಕಳಿಸಲು ತಿಳಿಸಬೇಕೆಂದು ಕೇಳಿಕೊಳ್ಳುತ್ತೇವೆ.

ಇಂತಿ,
ರಂಗಭೂಮಿಯಲ್ಲಿ ಬೆಳಕು ಮತ್ತು ಪ್ರಸಾಧನದ ಕೆಲಸ ಮಾಡುವವರು
ಮಡಿಕೇರಿ, ಗೋಣಿಕೊಪ್ಪ